ಸಂತ ತೆರೇಸಮ್ಮನವರ ತಂದೆಯೂ ನಮ್ಮ ಮನೆಗಳ ಮುಚ್ಚಿದ ಕೋಣೆಯೂ



ಅಕ್ಟೋಬರ್ 1ರಂದು ನಾವು ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬವನ್ನು ಆಚರಿಸುತ್ತೇವೆ. ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡ ಆ ಯುವ ಕನ್ಯಾಸ್ತ್ರೀಯ ಚಿತ್ರ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದೇ ತಿಂಗಳ 10ನೇ ತಾರೀಖು ವಿಶ್ವ ಮಾನಸಿಕ ಆರೋಗ್ಯ ದಿನ. ಹಬ್ಬಕ್ಕೂ ಆ ದಿನಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದು ತೆರೇಸಮ್ಮನವರ ಸ್ವಂತ ಮನೆಯಲ್ಲೇ ಇದೆ.

ಅವರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸ್ ದೇಶದವರು, ಗಡಿಯಾರದ ಕೆಲಸ ಮಾಡುತ್ತಿದ್ದವರು. 1877ರಲ್ಲಿ ಪತ್ನಿ ಜೆಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಐವರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸಿದರು. 1888ರ ಏಪ್ರಿಲ್‌ನಲ್ಲಿ ಕೊನೆಯ ಮಗಳಾದ ತೆರೇಸಾ 15ನೇ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿದರು. ಆ ಜೂನ್ ತಿಂಗಳಲ್ಲಿ ತಂದೆ ಯಾರಿಗೂ ಹೇಳದೆ ಮನೆಬಿಟ್ಟು ಹೋದರು. ಕೆಲವು ದಿನಗಳ ನಂತರ ಅವರು ಸಿಕ್ಕಿದ್ದು ಲ ಹಾವ್ರ ಎಂಬ ಬಂದರು ಪಟ್ಟಣದಲ್ಲಿ. ಮರೆವು, ಭಯ, ಇಲ್ಲದ್ದನ್ನು ಕಂಡಂತಾಗುವುದು, ಇವೆಲ್ಲ ಹೆಚ್ಚುತ್ತಾ ಹೋದವು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು.

ಊರಿನ ಬಾಯಿ ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಠ ಸೇರಿದ್ದರಿಂದಲೇ, ಅದರಲ್ಲೂ ಮುದ್ದಿನ ಮಗಳು ಹೋದದ್ದರಿಂದಲೇ ತಂದೆಗೆ ಹೀಗಾಯಿತು ಎಂದು ಜನ ಆಡಿಕೊಂಡರು. ಈ ಮಾತು ನಮಗೆ ಹೊಸದೇ? ನಮ್ಮ ಊರುಗಳಲ್ಲೂ ಒಬ್ಬರ ಮನಸ್ಸು ಕಾಯಿಲೆ ಬಿದ್ದರೆ ಮೊದಲು ಹುಡುಕುವುದು ವೈದ್ಯರನ್ನಲ್ಲ, ತಪ್ಪಿತಸ್ಥರನ್ನು. ಸೊಸೆಯ ಕಾಲ್ಗುಣ, ಹಿರಿಯರ ಶಾಪ, ಯಾರೋ ಮಾಡಿಸಿದ ಮಾಟ, ಪ್ರಾರ್ಥನೆ ಸಾಲದ್ದು, ಹೀಗೆ ಪಟ್ಟಿ ಬೆಳೆಯುತ್ತದೆ. ಅಷ್ಟರಲ್ಲಿ ಕಾಯಿಲೆಯವರ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ತಂಗಿಯ ಮದುವೆ ಆಗುವವರೆಗೆ ಯಾರಿಗೂ ಗೊತ್ತಾಗಬಾರದು ಎಂಬ ಒಂದೇ ಯೋಚನೆ ಮನೆಯನ್ನು ಆಳುತ್ತದೆ.

ಮಾರ್ಟಿನ್ ಕುಟುಂಬ ಏನು ಮಾಡಿತು? ತಂದೆಯನ್ನು ವೈದ್ಯರ ಬಳಿಗೆ ಕರೆದೊಯ್ದಿತು; ಅಲ್ಲಿ ಬಿಟ್ಟು ಮರೆತುಬಿಡಲಿಲ್ಲ. ಮಕ್ಕಳಾದ ಲೆಯೋನಿ ಮತ್ತು ಸೆಲೀನ್ ಕೆಲವು ತಿಂಗಳು ಆಸ್ಪತ್ರೆಯಿದ್ದ ಊರಿನಲ್ಲೇ ತಂಗಿದರು. 1892ರ ಮೇ ತಿಂಗಳಲ್ಲಿ, ಕಾಲುಗಳಲ್ಲಿ ಶಕ್ತಿಯಿಲ್ಲದ ತಂದೆಯನ್ನು ಮನೆಗೆ ತಂದು, 1894ರ ಜುಲೈ 29ರಂದು ಅವರು ಕಣ್ಮುಚ್ಚುವವರೆಗೂ ಸೇವೆ ಮಾಡಿದರು. ಅವರಿಗೆ ರೋಗ ವಾಸಿಯಾಗಲಿಲ್ಲ. ಆದರೂ 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್‌ರವರು ಲೂಯಿ ಮತ್ತು ಜೆಲಿ ದಂಪತಿಯನ್ನು ಸಂತ ಪದವಿಗೇರಿಸಿದರು. ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದ ವ್ಯಕ್ತಿಯನ್ನು ಧರ್ಮಸಭೆ ಪೀಠದ ಮೇಲೆ ನಿಲ್ಲಿಸಿದೆ ಎಂದಮೇಲೆ ಮಾನಸಿಕ ಕಾಯಿಲೆ ದೇವರ ಶಾಪವೂ ಅಲ್ಲ, ಕುಟುಂಬಕ್ಕೆ ಕಳಂಕವೂ ಅಲ್ಲ.

ಪವಿತ್ರ ಗ್ರಂಥವೂ ಇದನ್ನೇ ಕಲಿಸುತ್ತದೆ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಗಿಡದಡಿ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಬೈಯಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಆ ಗಳಿಗೆಯಲ್ಲಿ ಕೇಳಲಿಲ್ಲ. ದೂತನು ರೊಟ್ಟಿ, ನೀರು ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣಿಸಿದನು. ದೇವರ ದರ್ಶನದ ಬೆಟ್ಟಕ್ಕೆ ಪ್ರಯಾಣ ಆಮೇಲಿನದು. ಸಿರಾಖನ ಗ್ರಂಥದ 38ನೇ ಅಧ್ಯಾಯವು ಪ್ರಾರ್ಥನೆಯನ್ನೂ ವೈದ್ಯನನ್ನೂ ಒಟ್ಟಿಗೇ ಇಡುತ್ತದೆ. ವೈದ್ಯನೂ ಔಷಧವೂ ದೇವರ ಸೃಷ್ಟಿಯೇ ಎನ್ನುತ್ತದೆ. ದೆವ್ವ ಬಿಡಿಸುವ ವಿಧಿಗೆ ಮುಂಚೆ ಅದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಕಾಯಿಲೆಯ ಚಿಕಿತ್ಸೆ ವೈದ್ಯಶಾಸ್ತ್ರದ ಕೆಲಸ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (1673) ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಧ್ಯಾನಕೂಟಕ್ಕೆ ಹೋಗಿಬಂದು ಮಾತ್ರೆಗಳನ್ನು ಎಸೆಯುವುದು ವಿಶ್ವಾಸದ ಗುರುತಲ್ಲ. ಖಿನ್ನತೆಯ ಔಷಧಿಗಳು ಗುಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಇದು ಎಲ್ಲೋ ಒಂದೆರಡು ಮನೆಗಳ ವಿಷಯವಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುತೇಕರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಭಾನುವಾರದ ಬಲಿಪೂಜೆಗೆ 300 ವಯಸ್ಕರು ಬಂದರೆ ಆ ಲೆಕ್ಕದಲ್ಲಿ 30 ಮಂದಿ ನಮ್ಮ ಪಕ್ಕದಲ್ಲೇ ಕುಳಿತಿದ್ದಾರೆ.

ಸಹಾಯ ಎಲ್ಲಿದೆ? ಮೊದಲ ಹೆಜ್ಜೆ ದೂರವಾಣಿಯಷ್ಟು ಹತ್ತಿರ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಈ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿ ಮಾಡಿದೆ, ರೋಗಿಯ ಗೌಪ್ಯತೆಯನ್ನು ಕಾಪಾಡುತ್ತದೆ, ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಕುಡಿತದಿಂದ ಬಿಡುಗಡೆ ಬಯಸುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳೂ ಅವರ ಮನೆಯವರಿಗೆ ಅಲ್-ಅನಾನ್ ಗುಂಪುಗಳೂ ಇವೆ.

ಓದಬಯಸುವವರಿಗೆ ಕನ್ನಡದಲ್ಲಿ ಒಳ್ಳೆಯ ಬರವಣಿಗೆಯ ಕೊರತೆಯಿಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗಾಗಿಯೇ ಸರಳ ಭಾಷೆಯಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. ಪುಸ್ತಕ ಆರಿಸುವಾಗ ಮೂರು ಪ್ರಶ್ನೆ ಕೇಳೋಣ: ಬರೆದವರು ಈ ವಿದ್ಯೆಯನ್ನು ಕಲಿತವರೇ? ದಿಢೀರ್ ಗುಣವಾಗುತ್ತದೆಂದು ಆಸೆ ಹುಟ್ಟಿಸುತ್ತಾರೆಯೇ? ಮಾತ್ರೆ ಬಿಡಿ ಎನ್ನುತ್ತಾರೆಯೇ? ಕೊನೆಯ ಎರಡರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಆ ಪುಸ್ತಕವನ್ನು ಬದಿಗಿಡೋಣ. ಒಳ್ಳೆಯ ಪುಸ್ತಕ ಕಾಯಿಲೆಯನ್ನು ಅರ್ಥಮಾಡಿಸುತ್ತದೆ. ವೈದ್ಯರ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತನ್ನು ತೆರೇಸಮ್ಮನವರಿಂದಲೇ ಕೇಳಬೇಕು. 1897ರಲ್ಲಿ ಕ್ಷಯರೋಗದಿಂದ ನರಳುತ್ತಿದ್ದಾಗ, ವಿಶ್ವಾಸವಿಲ್ಲದಿದ್ದರೆ ತಾನೇ ಪ್ರಾಣ ತೆಗೆದುಕೊಳ್ಳುತ್ತಿದ್ದೆ ಎಂದು ಅವರು ಒಪ್ಪಿಕೊಂಡರು. ಇಂಥ ನೋವಿನಲ್ಲಿರುವವರ ಹತ್ತಿರ ವಿಷಕರ ಔಷಧಿಗಳನ್ನು ಇಡಬೇಡಿ ಎಂದು ಎಚ್ಚರಿಸಿದರು. ಇದು ನಮ್ಮ ರೈತ ಮನೆಗಳಿಗೆ ನೇರವಾಗಿ ಹೇಳಿದಂತಿದೆ. ಕೀಟನಾಶಕ ಅಡುಗೆಮನೆಯ ಮೂಲೆಯಲ್ಲಿ ಇರಬಾರದು, ಬೀಗದೊಳಗೆ ಇರಬೇಕು. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರದು, ನಾನಿದ್ದು ಏನು ಪ್ರಯೋಜನ ಎನ್ನುವವರನ್ನು ನೇರವಾಗಿ ಕೇಳೋಣ: ಸಾಯುವ ಯೋಚನೆ ಬರುತ್ತಿದೆಯೇ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದ ಭಾರ ಹೊರಬರುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯೋಣ.

ಹೀಗೆ ಒಬ್ಬರನ್ನು ಈಗಾಗಲೇ ಕಳೆದುಕೊಂಡ ಕುಟುಂಬಗಳೂ ಇದನ್ನು ಓದುತ್ತಿವೆ. ತೀವ್ರ ಮನೋವ್ಯಥೆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಹುದು, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಧರ್ಮಸಭೆ ಕಲಿಸುತ್ತದೆ (2282-2283). ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಆ ಮನೆಗೆ ಪ್ರಶ್ನೆಗಳನ್ನು ಹೊತ್ತು ಹೋಗದೆ ಒಂದು ಪಾತ್ರೆ ಗಂಜಿ ಹೊತ್ತು ಹೋಗೋಣ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ತೆರೆದು ಪ್ರಭು ಯೇಸುವಿನ ಮುಂದೆ ಇಳಿಸಿದರು. ಅವನು ಏಳುವ ಮೊದಲು ಪ್ರಭು ನೋಡಿದ್ದು ಹೊತ್ತವರ ವಿಶ್ವಾಸವನ್ನು. ಈ ಹಬ್ಬಕ್ಕೆ ನಮ್ಮ ಪ್ರತಿಯೊಂದು ವಾರ್ಡಿನಲ್ಲೂ ಅಂಥ ನಾಲ್ವರು ಸಿದ್ಧರಾಗಲಿ: ಆಸ್ಪತ್ರೆಗೆ ಜೊತೆ ಹೋಗಲು ಒಬ್ಬರು, ಮಾತ್ರೆ ತರಲು ಒಬ್ಬರು, ಆರೈಕೆ ಮಾಡಿ ದಣಿದ ತಾಯಿಗೆ ಒಂದು ಮಧ್ಯಾಹ್ನ ವಿಶ್ರಾಂತಿ ಕೊಡಲು ಒಬ್ಬರು, ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಲು ಒಬ್ಬರು. ಮುಚ್ಚಿದ ಕೋಣೆಯ ಬಾಗಿಲು ತೆರೆಯಲಿ.

ಸಂತ ತೆರೇಸಮ್ಮನವರೇ, ಸಂತ ಲೂಯಿ ಮಾರ್ಟಿನ್‌ರವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.