ಕಡಲಾಚೆಯ ಪಯಣ: ಕಂದನ ನಿದ್ದೆ ಹಳಿಗೆ ಬರುವುದು ಹೇಗೆ?

ಬೆಂಗಳೂರು: ಬೇಸಿಗೆಯ ತಿಂಗಳುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ರಾತ್ರಿ 8 ಗಂಟೆಯಾದಾಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 8.30. ಅಲ್ಲಿ ಮಗುವನ್ನು ಮಲಗಿಸುವ ಹೊತ್ತು, ಇಲ್ಲಿ ತಿಂಡಿಯ ಹೊತ್ತು. ಈ ಹನ್ನೆರಡೂವರೆ ಗಂಟೆಗಳ ಅಂತರವನ್ನು ವಿಮಾನ ಒಂದು ದಿನದ ಆಸುಪಾಸಿನಲ್ಲಿ ದಾಟಿಬಿಡುತ್ತದೆ. ಮಗುವಿನ ದೇಹಕ್ಕೆ ಮಾತ್ರ ಅದನ್ನು ದಾಟಲು ವಾರಕ್ಕೂ ಹೆಚ್ಚು ಕಾಲ ಬೇಕು. ರಜೆಗೆಂದು ತವರಿಗೆ ಬಂದ ಮಗಳ ಮನೆಯವರೆಲ್ಲ ನಡುರಾತ್ರಿ 2 ಗಂಟೆಗೆ ದೀಪ ಹಾಕಿಕೊಂಡು ಕುಳಿತಿರುವುದಕ್ಕೂ, ಕೂಸು ಕಾರಣವಿಲ್ಲದೆ ರಚ್ಚೆ ಹಿಡಿಯುವುದಕ್ಕೂ ಇದೇ ಮೂಲ.

ವಿದೇಶದಿಂದ ಮೊಮ್ಮಕ್ಕಳು ಬರುವ ಮನೆಗಳಿಗೆ ಮಾತ್ರವಲ್ಲ, ರಜೆಯಲ್ಲಿ ಪುಟ್ಟ ಮಕ್ಕಳೊಂದಿಗೆ ಲಂಡನ್, ಪ್ಯಾರಿಸ್, ಸಿಂಗಪುರಗಳಿಗೆ ಹೊರಡುವ ಕುಟುಂಬಗಳಿಗೂ ಇದು ಪರಿಚಿತ ಸಮಸ್ಯೆ. ಇದಕ್ಕೆ ಸುಲಭದ ಔಷಧವಿಲ್ಲ. ಆದರೆ ಬೆಳಕು, ಆಹಾರ ಮತ್ತು ನಿದ್ದೆಯ ವೇಳೆಯನ್ನು ಅರಿತು ನಡೆಸಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಅವಸರಪಟ್ಟು ನಿದ್ದೆಯ ಸಿರಪ್ ಕುಡಿಸಿದರೆ ಮಾತ್ರ ಮಗುವಿನ ಜೀವಕ್ಕೇ ಅಪಾಯ ಬರಬಹುದು.

ಒಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಭಾಗದಲ್ಲಿ ನರಕೋಶಗಳ ಪುಟ್ಟ ಗುಂಪೊಂದಿದೆ. ಸುಮಾರು 24 ಗಂಟೆಗಳ ಆವರ್ತದಲ್ಲಿ ನಿದ್ದೆ, ಎಚ್ಚರ, ಹಸಿವು, ದೇಹದ ಉಷ್ಣತೆಗಳನ್ನು ನಿಯಂತ್ರಿಸುವ ಮುಖ್ಯ ಗಡಿಯಾರವಿದು. ಕತ್ತಲಾದಾಗ ನಿದ್ದೆಯನ್ನು ಸೂಚಿಸುವ ಮೆಲಟೋನಿನ್ ಹಾರ್ಮೋನು ಸ್ರವಿಸುವುದೂ ಇದರ ಆಜ್ಞೆಯಂತೆ. ಹಣ್ಣಿನ ನೊಣಗಳನ್ನು ಅಭ್ಯಸಿಸಿ ಈ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಈ ಗಡಿಯಾರವನ್ನು ದಿನದಿನವೂ ಸರಿಹೊಂದಿಸುವ ಮುಖ್ಯ ಶಕ್ತಿ ಕಣ್ಣಿಗೆ ಬೀಳುವ ಬೆಳಕು. ವಿಮಾನ ಇಳಿದ ಮೇಲೆ ಹೊರಗಿನ ಬೆಳಕು ಒಂದು ವೇಳೆಯನ್ನೂ ಒಳಗಿನ ಗಡಿಯಾರ ಇನ್ನೊಂದು ವೇಳೆಯನ್ನೂ ಹೇಳುತ್ತವೆ. ಈ ತಾಳ ತಪ್ಪಿದ ಸ್ಥಿತಿಯೇ ಜೆಟ್ ಲ್ಯಾಗ್. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಎಂಬುದು ಹೊಂದಾಣಿಕೆಯ ಸ್ಥೂಲ ಲೆಕ್ಕ. ಪಶ್ಚಿಮದತ್ತ ಹೋದಾಗ ದಿನವನ್ನು ಹಿಗ್ಗಿಸಿಕೊಳ್ಳುವುದು ದೇಹಕ್ಕೆ ಸುಲಭ; ಪೂರ್ವದತ್ತ ಬಂದಾಗ ದಿನವನ್ನು ಕುಗ್ಗಿಸಿಕೊಳ್ಳುವುದು ಕಷ್ಟ. ಹೋಗುವಾಗ ಚೆನ್ನಾಗಿದ್ದ ಮಗು ಹಿಂದಿರುಗಿದ ಮೇಲೆ ಕಾಡಲು ಇದೇ ಕಾರಣ.

ವಯಸ್ಸಿಗೆ ತಕ್ಕಂತೆ

ಮೂರು ತಿಂಗಳೊಳಗಿನ ಶಿಶುವಿನಲ್ಲಿ ಈ ಗಡಿಯಾರ ಇನ್ನೂ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಎರಡು-ಮೂರು ಗಂಟೆಗೊಮ್ಮೆ ಎದ್ದು ಹಾಲು ಕುಡಿದು ಮಲಗುವ ಅದಕ್ಕೆ ಹಗಲಿರುಳುಗಳ ಭೇದ ಅಷ್ಟಾಗಿ ತಿಳಿಯದು. ಆ ವಯಸ್ಸಿನಲ್ಲಿ ಜೆಟ್ ಲ್ಯಾಗ್ ಬಾಧೆ ಹೆಚ್ಚಾಗಿ ತಂದೆತಾಯಿಗಳದೇ. ನಿಜವಾದ ಸವಾಲು ಇರುವುದು ಸುಮಾರು ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ. ಅವರ ನಿದ್ದೆಗೆ ನಿಶ್ಚಿತ ವೇಳೆ ಬಂದಿರುತ್ತದೆ, ಆದರೆ ತಮಗೇನಾಗುತ್ತಿದೆ ಎಂದು ಹೇಳಲು ಮಾತು ಬಂದಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 4ರಿಂದ 11 ತಿಂಗಳ ಶಿಶುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಪ್ರವಾಸದ ಮೊದಲ ದಿನಗಳಲ್ಲಿ ಮಗು ಯಾವಾಗ ಮಲಗಿತು ಎಂಬುದಕ್ಕಿಂತ ಇಡೀ ದಿನದಲ್ಲಿ ಒಟ್ಟು ಎಷ್ಟು ಮಲಗಿತು ಎಂಬುದನ್ನು ಗಮನಿಸುವುದು ಲೇಸು. ರಾತ್ರಿ ಚೆನ್ನಾಗಿ ಮಲಗಲೆಂದು ಹಗಲಿಡೀ ಎಚ್ಚರವಾಗಿಡುವ ಉಪಾಯ ತಿರುಗುಬಾಣವಾಗುತ್ತದೆ. ವಿಪರೀತ ದಣಿದ ಮಗು ನಿದ್ದೆಗೆ ಜಾರದೆ ಇನ್ನಷ್ಟು ಅಳುತ್ತದೆ.

ಲಂಡನ್‌ಗೆ ಹೋಗುವಾಗ, ಬರುವಾಗ

ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನಲ್ಲಿ ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವ ಮಗು ಅಲ್ಲಿ ಸಂಜೆ 4.30ಕ್ಕೇ ತೂಕಡಿಸಿ, ನಸುಕಿನ 2.30ಕ್ಕೆ ಎದ್ದು ಕೂರುತ್ತದೆ. ಹೊರಡುವ ಮೂರು-ನಾಲ್ಕು ದಿನ ಮೊದಲಿನಿಂದ ಊಟ ಮತ್ತು ನಿದ್ದೆಯನ್ನು ದಿನಕ್ಕೆ 15ರಿಂದ 30 ನಿಮಿಷ ಮುಂದೂಡುತ್ತ ಬಂದರೆ ಅಂತರ ಕೊಂಚ ಕಡಿಮೆಯಾಗುತ್ತದೆ. ಲಂಡನ್‌ನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ 9 ಗಂಟೆಯ ನಂತರ. ಸಂಜೆ ಮಗುವನ್ನು ಉದ್ಯಾನಕ್ಕೆ ಕರೆದೊಯ್ದು ಬೆಳಕಿನಲ್ಲಿ ಆಡಿಸಿದರೆ ನಿದ್ದೆ ನಿಧಾನವಾಗಿ ಮುಂದಕ್ಕೆ ಸರಿಯುತ್ತದೆ. ಅಲ್ಲಿ ಬೆಳಗಿನ 5ರೊಳಗೇ ಬೆಳಕು ಹರಿಯುವುದರಿಂದ ಕೋಣೆಗೆ ದಪ್ಪ ಪರದೆ ಎಳೆದಿರಬೇಕು.

ಮರಳಿ ಬಂದ ಮೇಲೆ ಚಿತ್ರ ತಿರುಗುಮುರುಗಾಗುತ್ತದೆ. ಲಂಡನ್ ವೇಳೆಗೆ ಒಗ್ಗಿಕೊಂಡ ಮಗು ಇಲ್ಲಿ ರಾತ್ರಿ 1 ಗಂಟೆ ದಾಟಿದರೂ ಮಲಗದು, ಬೆಳಿಗ್ಗೆ 11ಕ್ಕೂ ಏಳದು. ಇಂಥ ಸಂದರ್ಭದಲ್ಲಿ ಬೆಳಗಿನ ಬಿಸಿಲು ಒಳ್ಳೆಯದೆಂದು ಮೊದಲ ದಿನವೇ 6 ಗಂಟೆಗೆ ಎಬ್ಬಿಸಿ ಹೊರಗೆ ಒಯ್ಯುವವರುಂಟು. ಆ ಹೊತ್ತಿನಲ್ಲಿ ಮಗುವಿನ ದೇಹದೊಳಗೆ ಇನ್ನೂ ನಡುರಾತ್ರಿ 1.30. ಆಗ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳಿ ಹೊಂದಾಣಿಕೆಯನ್ನು ತಡವಾಗಿಸಬಹುದು. ಮೊದಲೆರಡು ದಿನ ಬೆಳಿಗ್ಗೆ ಸುಮಾರು 9.30ರಿಂದ 10ರ ನಂತರ ಬೆಳಕಿಗೆ ತಂದು, ಆಮೇಲೆ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಬೇಗ ಎಬ್ಬಿಸುತ್ತ ಬರುವುದು ಸೂಕ್ತ.

ಸಿಂಗಪುರದಂಥ ಎರಡೂವರೆ ಗಂಟೆಗಳ ಅಂತರದ ಊರಿಗೆ ಮೂರು-ನಾಲ್ಕು ದಿನಗಳ ಮಟ್ಟಿಗೆ ಹೋಗುವವರು ವೇಳೆ ಬದಲಿಸುವ ಗೋಜಿಗೇ ಹೋಗಬೇಕಿಲ್ಲ. ಇಲ್ಲಿ 8ಕ್ಕೆ ಮಲಗುವ ಮಗು ಅಲ್ಲಿ 10.30ಕ್ಕೆ ಮಲಗಲಿ.

ಅಮೆರಿಕದಿಂದ ಬಂದ ಕೂಸು

ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಮಕ್ಕಳಿಗೆ ಹಗಲು-ರಾತ್ರಿಗಳು ಅಕ್ಷರಶಃ ಅದಲುಬದಲು. ಅವರ ರಾತ್ರಿಯೆಲ್ಲ ಇಲ್ಲಿಯ ಬೆಳಗಿನ 8.30ರಿಂದ ಸಂಜೆ 6.30ರ ನಡುವೆ ಬರುತ್ತದೆ. ಹಗಲಿನಲ್ಲಿ ಮಲಗಲು ಬಿಡಬೇಕು, ಆದರೆ ಒಮ್ಮೆಗೆ ಸುಮಾರು ಎರಡು ಗಂಟೆ ದಾಟಿದ ಮೇಲೆ ಮೆಲ್ಲಗೆ ಎಬ್ಬಿಸಿ ಜಗಲಿ, ಅಂಗಳ, ತಾರಸಿಗಳ ಬೆಳಕಿಗೆ ತರಬೇಕು. ಸಂಜೆ ಊಟ, ಬೆಚ್ಚನೆಯ ಸ್ನಾನ, ಮಂದ ದೀಪ, ಜೋಗುಳ ಹೀಗೆ ಮನೆಯಲ್ಲಿದ್ದ ಕ್ರಮವನ್ನೇ ಇಲ್ಲಿಯೂ ಪಾಲಿಸಿದರೆ ಮಗುವಿಗೆ ರಾತ್ರಿಯ ಸುಳಿವು ಸಿಗುತ್ತದೆ.

ನಡುರಾತ್ರಿ ಎದ್ದ ಮಗುವಿಗೆ ಹಸಿವಾಗಿರುವುದು ಸಹಜ. ಅದರ ಹೊಟ್ಟೆಗೆ ಅದು ಮಧ್ಯಾಹ್ನ. ಎದೆಹಾಲನ್ನೋ, ದೊಡ್ಡ ಮಗುವಾದರೆ ಹಗುರ ಆಹಾರವನ್ನೋ ಮಂದ ಬೆಳಕಿನಲ್ಲಿಯೇ ಕೊಟ್ಟು ಮತ್ತೆ ಮಲಗಿಸಲು ಯತ್ನಿಸಬೇಕು. ಟೀವಿ, ಮೊಬೈಲ್ ಬೇಡ. ಮಗು ಎದ್ದಿದೆಯೆಂದು ಮನೆಮಂದಿಯೆಲ್ಲ ಸುತ್ತ ಸೇರಿ ಆಡಿಸತೊಡಗಿದರೆ ಅದು ಆ ಹೊತ್ತನ್ನು ಹಗಲೆಂದೇ ತಿಳಿಯುತ್ತದೆ.

ಮೂರು ವಾರಗಳ ರಜೆಯಲ್ಲಿ ಹೊಂದಾಣಿಕೆಗೆ ಹತ್ತು ದಿನ ಹೋದರೂ ಅಚ್ಚರಿಯಿಲ್ಲ. ಹೀಗಿರುವಾಗ ಅನ್ನಪ್ರಾಶನ, ಚೌಲ, ಮೊದಲ ವರ್ಷದ ಹುಟ್ಟುಹಬ್ಬ, ಮನೆದೇವರ ದರ್ಶನಗಳನ್ನೆಲ್ಲ ಬಂದಿಳಿದ ಮೊದಲ ವಾರದಲ್ಲಿಯೇ ಇಟ್ಟುಕೊಳ್ಳುವುದು ಮಗುವಿನ ಮೇಲೆ ಹೇರುವ ಶಿಕ್ಷೆಯಾದೀತು. ಮುಹೂರ್ತ ಕೇಳುವಾಗಲೇ ಎರಡನೆಯ ವಾರದ ದಿನವನ್ನು ಕೇಳುವುದು ಜಾಣತನ.

ಸಿರಪ್ ಸರ್ವಥಾ ಬೇಡ

ವಿಮಾನದಲ್ಲಿ ಮಗು ಮಲಗಲೆಂದು ನೆಗಡಿಯ ಅಥವಾ ಅಲರ್ಜಿಯ ಸಿರಪ್ ಕುಡಿಸುವ ರೂಢಿ ಅನೇಕರಲ್ಲಿದೆ. ಇದು ಅತ್ಯಂತ ಅಪಾಯಕಾರಿ. ಇಂಥ ಬಳಕೆಗೆ ಸಿಗುವ ಪ್ರೋಮೆಥಜಿನ್ ಔಷಧವು ಎರಡು ವರ್ಷದೊಳಗಿನವರಲ್ಲಿ ಉಸಿರಾಟವನ್ನೇ ಕುಗ್ಗಿಸಿ ಸಾವು ತರಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿಯೇ ಕಟ್ಟೆಚ್ಚರಿಕೆ ನೀಡಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿಯ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರೂ 2023ರಲ್ಲಿ ಸೂಚಿಸಿದ್ದಾರೆ. ಬ್ರಾಂದಿಯ ಹನಿ ನೆಕ್ಕಿಸುವುದಂತೂ ಕೂಡದು.

ಅಮೆರಿಕದ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವ ಮೆಲಟೋನಿನ್ ಮಿಠಾಯಿಗಳೂ ನಿರುಪದ್ರವಿಯಲ್ಲ. ಮಕ್ಕಳು ಮೆಲಟೋನಿನ್ ನುಂಗಿದ ಪ್ರಕರಣಗಳೆಂದು ಅಲ್ಲಿಯ ವಿಷಚಿಕಿತ್ಸಾ ಸಲಹಾ ಕೇಂದ್ರಗಳಿಗೆ ಬಂದ ವರದಿಗಳು 2012ರಲ್ಲಿ 8,337 ಇದ್ದುದು 2021ರ ವೇಳೆಗೆ 52,563ಕ್ಕೇರಿದವು. ಮಕ್ಕಳ ವೈದ್ಯರ ಸಲಹೆಯಿಲ್ಲದೆ ಇದನ್ನು ಕೊಡಬಾರದು, ಚೀಲದಲ್ಲಿ ಮಗುವಿನ ಕೈಗೆಟಕುವಂತೆ ಇಡಲೂಬಾರದು.

ದಣಿದ ತಂದೆತಾಯಿ

ಮಗುವಿನಷ್ಟೇ ತಂದೆತಾಯಿಗಳೂ ನಿದ್ದೆಗೆಟ್ಟಿರುತ್ತಾರೆ. ಕೂಸನ್ನು ಎದೆಗೊರಗಿಸಿಕೊಂಡು ಸೋಫಾದ ಮೇಲೆ ನಿದ್ದೆ ಹೋಗುವುದು ಉಸಿರುಗಟ್ಟುವ ಅಪಾಯವನ್ನು ತಂದೊಡ್ಡುತ್ತದೆ. ವರ್ಷದೊಳಗಿನ ಮಗುವನ್ನು ದಿಂಬು, ದಪ್ಪ ರಜಾಯಿಗಳಿಲ್ಲದ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಬೆನ್ನ ಮೇಲೆ ಮಲಗಿಸಬೇಕು. ಬೆಳಗಿನ ಜಾವ 5ಕ್ಕೆ ಏಳುವ ಅಜ್ಜ-ಅಜ್ಜಿಯರು ಆ ಹೊತ್ತಿನಿಂದ ಮಗುವನ್ನು ನೋಡಿಕೊಂಡರೆ ತಂದೆತಾಯಿಗಳಿಗೆ ಎರಡು-ಮೂರು ಗಂಟೆ ನೆಮ್ಮದಿಯ ನಿದ್ದೆ ಸಿಕ್ಕೀತು.

ಅಳುವೆಲ್ಲವೂ ಜೆಟ್ ಲ್ಯಾಗ್ ಅಲ್ಲ. ದೃಷ್ಟಿ ತಾಕಿದೆಯೆಂದು ನಿವಾಳಿಸಿ ಸುಮ್ಮನಾಗುವುದೂ ಸರಿಯಲ್ಲ. ಜ್ವರ, ವಾಂತಿ, ಭೇದಿ ಕಾಣಿಸಿದರೆ, ಹಾಲು ನಿರಾಕರಿಸಿದರೆ, ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಕೂಡಲೇ ವೈದ್ಯರನ್ನು ಕಾಣಬೇಕು. ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ತಡಮಾಡುವಂತಿಲ್ಲ. ಇಂಥ ಲಕ್ಷಣಗಳಿಲ್ಲದೆ ನಿದ್ದೆಯಷ್ಟೇ ಕೆಟ್ಟಿದ್ದರೆ ಗಾಬರಿ ಬೇಡ. ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮಾತ್ರ ವೈದ್ಯರಲ್ಲಿ ವಿಚಾರಿಸಿದರೆ ಸಾಕು. ಅಲ್ಲಿಯವರೆಗೆ ಹಗಲಲ್ಲಿ ಬೆಳಕು, ರಾತ್ರಿಯಲ್ಲಿ ಕತ್ತಲು, ಜೊತೆಗೆ ಹಿರಿಯರ ತಾಳ್ಮೆ ಇದ್ದರೆ ಮಗು ತಾನಾಗಿಯೇ ಊರಿನ ಹೊತ್ತಿಗೆ ಹೊಂದಿಕೊಳ್ಳುತ್ತದೆ.