ಓದಿದ್ದು ಲೆಕ್ಕಕ್ಕೆ ಬರಬೇಕಲ್ಲ!
ಹಾವೇರಿ ಜಿಲ್ಲೆ 2022ರ ಮಾರ್ಚ್ 1ನ್ನು ಮರೆಯೋದಿಲ್ಲ. ಚಳಗೇರಿಯ ನವೀನ್ ಅವತ್ತು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಮೆಡಿಕಲ್ ನಾಲ್ಕನೇ ವರ್ಷದ ಹುಡುಗ.

ಬದುಕಿ ಬಂದವರ ಪಾಡೇನು? ತಿಳವಳ್ಳಿಯ ತಂದೆಯೊಬ್ಬರು ನನ್ನನ್ನು ಕೇಳಿದ್ದರು: "ಮಗ ಅಲ್ಲಿ ಮೂರು ವರ್ಷ ಓದ್ಯಾನ್ರಿ, ಇಲ್ಲಿ ಯಾಕ ನಡಿಯಂಗಿಲ್ಲ?"

ನಡೆಯಲ್ಲ, ಯಾಕಂದ್ರೆ 2021ರ ನಿಯಮದಂತೆ ವಿದೇಶಿ ವೈದ್ಯ ಪದವಿಗೆ 54 ತಿಂಗಳು ಒಂದೇ ಸಂಸ್ಥೆಯಲ್ಲಿ ಓದಬೇಕು. ಅರ್ಧಕ್ಕೆ ಬಂದವರಿಗೆ ನಮ್ಮ ಕಾಲೇಜುಗಳ ಬಾಗಿಲು ಮುಚ್ಚಿದೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ವಲ್ಪ ಸಡಿಲಿಸಿತು: ಬೇರೆ ದೇಶದಲ್ಲಿ ಓದು ಮುಗಿಸಬಹುದು, ಪದವಿ ಮಾತ್ರ ಉಕ್ರೇನಿನ ಮೂಲ ವಿಶ್ವವಿದ್ಯಾಲಯದ್ದೇ ಆಗಿರಬೇಕು. ಅಂದ್ರೆ ಮತ್ತೆ ವಿಮಾನದ ಖರ್ಚು!

ಒಂದೇ ಸೆಮಿಸ್ಟರ್‌ಗೆ ಹೋಗೋರೂ ಕೇಳಿ: ಕ್ರೆಡಿಟ್ ಒಪ್ಪುತ್ತೇವೆ ಅಂತ ಇಲ್ಲಿನ ವಿಶ್ವವಿದ್ಯಾಲಯ ಹೊರಡೋ ಮೊದಲೇ ಬರೆದುಕೊಡಲಿ. ಪಠ್ಯಕ್ರಮ, ಪಾಠದ ಗಂಟೆಗಳ ಲೆಕ್ಕ, ಅಂಕಪಟ್ಟಿ ಎಲ್ಲ ಜೋಪಾನ.