ಕೋವಿಡ್ ಬಿಲ್ ಕಟ್ಟಿದ್ದು ಯಾರು? ರಾಜ್ಯದ ಸಾಲದ ಕಥೆ

ಇವತ್ತು ಬಜೆಟ್ ವಿಷಯ. ಸ್ಕಿಪ್ ಮಾಡ್ಬೇಡಿ, ನಿಮ್ಮ ಜೇಬಿಗೂ ಸಂಬಂಧ ಇದೆ.

ಮನೆ ಕಟ್ಟೋಕೆ ಸಾಲ ಮಾಡೋದು ಬೇರೆ, ದಿನಸಿ ತರೋಕೆ ಸಾಲ ಮಾಡೋದು ಬೇರೆ, ಅಲ್ವಾ? 2021ರ ಮಾರ್ಚ್ 8ರಂದು ಯಡಿಯೂರಪ್ಪ ಮಂಡಿಸಿದ ಬಜೆಟ್‌ನಲ್ಲಿ ಕರ್ನಾಟಕ ಈ ಎರಡನೇ ಥರದ ಸಾಲಕ್ಕೆ ಇಳಿಯಿತು. ಸಂಬಳ, ಪಿಂಚಣಿ, ಬಡ್ಡಿಯಂಥ ದಿನನಿತ್ಯದ ಖರ್ಚಿಗೆ ಆದಾಯ ಸಾಲಲಿಲ್ಲ. ಇದಕ್ಕೆ ರಾಜಸ್ವ ಕೊರತೆ ಅಂತಾರೆ. ಅಂದಾಜು ಸುಮಾರು 15 ಸಾವಿರ ಕೋಟಿ ರೂಪಾಯಿ. 2004–05ರಿಂದ ರಾಜ್ಯ ಈ ಲೆಕ್ಕದಲ್ಲಿ ಮಿಗತೆ ಉಳಿಸಿಕೊಂಡು ಬಂದಿತ್ತು.

ಯಾಕೆ ಹೀಗಾಯ್ತು? ರಾಜ್ಯಕ್ಕೆ ಸ್ವಂತ ದುಡ್ಡು ಬರೋದು ಜಿಎಸ್‌ಟಿ ಪಾಲು, ಪೆಟ್ರೋಲ್-ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆಯಿಂದ. 2020ರ ಏಪ್ರಿಲ್‌ನಲ್ಲಿ ಇವೆಲ್ಲ ಒಟ್ಟಿಗೇ ನಿಂತುಹೋದವು. ಆಸ್ಪತ್ರೆ ಖರ್ಚು ಮಾತ್ರ ಏರಿತು. ನೋಟು ಮುದ್ರಿಸೋ ಅಧಿಕಾರ ರಾಜ್ಯಕ್ಕಿಲ್ಲ. ಉಳಿದ ದಾರಿ ಎರಡೇ: ಖರ್ಚಿಗೆ ಕತ್ತರಿ, ಇಲ್ಲಾ ಸಾಲ.

ಜಿಎಸ್‌ಟಿ ಬಂದಾಗ, 2017ರಲ್ಲಿ, ಕೇಂದ್ರ ಒಂದು ಮಾತು ಕೊಟ್ಟಿತ್ತು. ಆದಾಯ ವರ್ಷಕ್ಕೆ ಶೇ 14ರಷ್ಟು ಬೆಳೆಯದಿದ್ರೆ ಐದು ವರ್ಷ ಪರಿಹಾರ ಕೊಡ್ತೀವಿ ಅಂತ. ಆ ದುಡ್ಡು ಬರಬೇಕಿದ್ದದ್ದು ಸೆಸ್‌ನಿಂದ. ಕೋವಿಡ್‌ನಲ್ಲಿ ಸೆಸ್ ಸಂಗ್ರಹವೇ ಕುಸಿಯಿತು. ನೀವೇ ಸಾಲ ಮಾಡಿ ಅಂತ ಕೇಂದ್ರ ಹೇಳ್ತು, ಹಲವು ರಾಜ್ಯಗಳು ಒಪ್ಪಲಿಲ್ಲ. ಕೊನೆಗೆ ಕೇಂದ್ರವೇ ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಿತು: 2020–21ರಲ್ಲಿ 1.1 ಲಕ್ಷ ಕೋಟಿ, ಮರುವರ್ಷ 1.59 ಲಕ್ಷ ಕೋಟಿ.

ತೀರಿಸೋದು ಯಾರು? 2022ರ ಜೂನ್‌ಗೆ ಮುಗಿಯಬೇಕಿದ್ದ ಸೆಸ್ಸನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. ಅಂದ್ರೆ, 2023ರಲ್ಲಿ ನೀವು ಕುಡಿದ ಕೋಲಾದ ಬೆಲೆಯಲ್ಲೂ ಲಾಕ್‌ಡೌನ್ ಸಾಲದ ಒಂದು ಕಂತಿತ್ತು.

ಇದಲ್ಲದೆ ರಾಜ್ಯದ ಸ್ವಂತ ಸಾಲವೂ ಇದೆ. 2020–21ಕ್ಕೆ ಸಾಲದ ಮಿತಿಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ 3ರಿಂದ 5ಕ್ಕೆ ಏರಿಸಿದರು. ಹೆಚ್ಚುವರಿ ಶೇ 2ರಲ್ಲಿ ಷರತ್ತಿಲ್ಲದೆ ಸಿಕ್ಕಿದ್ದು ಅರ್ಧ ಮಾತ್ರ. ಉಳಿದದ್ದಕ್ಕೆ ‘ಒಂದು ದೇಶ, ಒಂದು ಪಡಿತರ ಚೀಟಿ’ಯಂಥ ಸುಧಾರಣೆ ಮಾಡಿ ತೋರಿಸಬೇಕಿತ್ತು. ಈ ಸಾಲಕ್ಕೆ ಸೆಸ್ ಇಲ್ಲ, ರಾಜ್ಯವೇ ಬಡ್ಡಿ ಕಟ್ಟಬೇಕು.

ಸಾಲ ತಪ್ಪು ಅಂತ ನಾನು ಹೇಳಲ್ಲ. ಆ ವರ್ಷ ಸಾಲ ಮಾಡದಿದ್ರೆ ಆಸ್ಪತ್ರೆ, ಪಿಂಚಣಿ ಎರಡಕ್ಕೂ ಪೆಟ್ಟು ಬೀಳ್ತಿತ್ತು. ಆದ್ರೆ ಬಡ್ಡಿಗೆ ಹೋಗೋ ಪ್ರತಿ ರೂಪಾಯಿ ಶಾಲೆ, ರಸ್ತೆ, ನೇಮಕಾತಿಗೆ ಸಿಗಲ್ಲ. ಸರ್ಕಾರಿ ಕೆಲಸಕ್ಕೆ ಓದ್ತಾ ಇರೋರಿಗೆ ಇದು ಬರೀ ಅಂಕಿ ಅಲ್ಲ.

ಮುಂದಿನ ಬಜೆಟ್ ದಿನ ಘೋಷಣೆಗಳ ಜೊತೆ ‘ರಾಜಸ್ವ ಕೊರತೆ’ ಅನ್ನೋ ಆ ಒಂದು ಸಾಲನ್ನೂ ನೋಡಿ. ಮತ್ತೆ ಸಿಗೋಣ.